ಹಲಗಿ ಕಾಸುವ ಹೊತ್ತು

ಹಳೇ ಹುಬ್ಬಳ್ಳಿಯ ಸರಕಾರಿ ಶಾಲೆ, ತರಬೇತಿಯ ಮೂರನೆಯ ದಿನ.
ಹದಿನಾಲ್ಕು ಮಂದಿ ಕಲಾವಿದರು ಎಳೆಯರ ಬೆಂಚಿನಲ್ಲಿ
ಮೊಣಕಾಲು ಹಿಡಿಸದೆ ಓರೆಯಾಗಿ ಕೂತಿದ್ದಾರೆ.
ನಾನು ಧಾರವಾಡದಿಂದ ಮೊದಲ ಬಸ್ಸಿಗೆ ಬಂದವಳು.
ಗೋಡೆಗೆ ಚಾರ್ಟು ಅಂಟಿಸಿದ್ದೇನೆ:
‘ಪಾಠ ಮಗುವಿನ ಮನೆಯಿಂದ ಶುರುವಾಗಲಿ.’
ಕೆಳಗೆ ಎರಡು ಗೆರೆ. ಕೆಂಪಿನಲ್ಲಿ.

ರಾಜಾಬಿ ನದಾಫ ಕೌದಿಯ ಮೂಲೆ ಬಿಡಿಸುತ್ತ ಕೇಳಿದರು:
“ಅಕ್ಕೋರ, ಇದಕ್ಕೂ ತರಬೇತಿ ಬೇಕೇನ್ರಿ?
ಹರಕ ಅರಿವಿ ತರ್ರಿ ಅಂದ್ರ ಎಲ್ಲಾರ ಮನ್ಯಾಗೂ ಇರ್ತಾವ.
ಇದು ಯಾರ ಸೀರಿ, ಯಾವಾಗ ಹರೀತು ಅಂತ ಕೇಳಿದ್ರ
ಹುಡುಗ್ರು ತಾವ ಹೇಳ್ಕೊಂತ ಹೊಲೀತಾವ.
ನಾ ಸೂಜಿ ಪೋಣಸ್ಕೊಂತ ಕೂಡೂದಷ್ಟ.”
ನನ್ನ ನಲವತ್ತು ಪುಟದ ಕೈಪಿಡಿಯನ್ನು
ಚೀಲದೊಳಗೆ ತುಸು ಕೆಳಕ್ಕೆ ತಳ್ಳಿದೆ.

ಊಟದ ಮೇಲೆ ಅಭ್ಯಾಸಕ್ಕೆಂದು ಐದನೆಯ ತರಗತಿ ಬಂತು.
ಹೊರಗೆ, ನಲ್ಲಿಯ ಪಕ್ಕ, ಕಣಕಿ ಉರಿಸಿ
ಯಮನಪ್ಪ ಹಲಗಿ ಕಾಸುತ್ತಿದ್ದ.
ಕಿವಿಗೆ ಹತ್ತಿರ ಹಿಡಿದು, ಉಗುರಿನಿಂದ ಮೀಟಿ,
“ಇನ್ನೂ ಇಲ್ಲ” ಎಂದು ಮತ್ತೆ ಬೆಂಕಿಯ ಮೇಲೆ.

ನಾನು ಕೇಳಿದೆ, ಕೈಪಿಡಿಯಲ್ಲಿದ್ದಂತೆಯೇ, ನಗುತ್ತ:
“ಯಾರ ಮನೆಯಲ್ಲಿ ಹಲಗಿ ಇದೆ? ಕೈ ಎತ್ತಿ.”

ಮೂವತ್ತೆರಡು ಮಕ್ಕಳು.
ಒಂದೂ ಕೈ ಮೇಲೇಳಲಿಲ್ಲ.

ಹೋಳಿಯ ದಿನಗಳಲ್ಲಿ ಈ ಊರಲ್ಲಿ ಹಲಗಿಯಿಲ್ಲದ ಓಣಿಯಿಲ್ಲ.
ಶೆಟ್ಟರ ಮಗ ಬಾರಿಸುತ್ತಾನೆ, ವಕೀಲರ ಮೊಮ್ಮಗ ಬಾರಿಸುತ್ತಾನೆ.
ಕಾಮ ಸುಟ್ಟು, ಬಣ್ಣ ತೊಳೆದುಹೋದ ಮೇಲೆ
ಅದು ಒಂದೇ ಓಣಿಯ ಮೊಳೆಗೆ ಮರಳುತ್ತದೆ,
ಡಂಗುರಕ್ಕೆ, ಹೆಣದ ಮುಂದೆ ನಡೆಯುವುದಕ್ಕೆ.
ಗೊತ್ತಿತ್ತು ನನಗೆ.
ಗೊತ್ತಿದ್ದೂ ಕೇಳಿದ್ದೆ.
ಮೂರನೆಯ ಸಾಲಿನ ಹುಡುಗನೊಬ್ಬ
ಎರಡೂ ಅಂಗೈ ತೊಡೆಯಡಿ ಒತ್ತಿಕೊಂಡು ಕೂತ.

ಹೊಗೆಯ ವಾಸನೆ ಹೊತ್ತು ಯಮನಪ್ಪ ಬಾಗಿಲಿಗೆ ಬಂದವನು
ತಾನೇ ಕೈ ಎತ್ತಿದ:
“ನಮ್ಮ ಮನ್ಯಾಗ ಐತ್ರಿ, ಅಕ್ಕೋರ.”
ಮಕ್ಕಳು ಗೊಳ್ಳೆಂದು ನಕ್ಕವು. ಅವನೂ ನಕ್ಕ.
“ಹಲಗೀದು ಇರ್ಲಿ ಬಿಡ್ರಿ. ಮುಂಜಾನೆ ಕಣ್ಣ ತಗಿಯೂದ್ರಾಗ
ನಿಮ್ಮ ಮನ್ಯಾಗ ಏನ ಸಪ್ಪಳ ಕೇಳತೈತಿ?
ಬೆಂಚಿನ ಮ್ಯಾಲ ಬಾರಸ್ರಿ ನೋಡೂಣು.”

ಒಬ್ಬಳು ರೊಟ್ಟಿ ಬಡಿದಳು, ತಪ ತಪ.
ಒಬ್ಬ ಅಂಗಡಿಯ ಶಟರು ಎತ್ತಿದ.
ರೈಲ್ವೆ ಕ್ವಾರ್ಟರ್ಸಿನ ಅವಳಿಗಳು ಡಬ್ಬಿ ಜೋಡಿಸುವ ಧಡಕ್ಕು ತಂದರು.
ಒಬ್ಬ ಅಜ್ಜನ ಕೆಮ್ಮು ಬಾರಿಸಿದ; ಯಾರೂ ನಗಲಿಲ್ಲ.
ಬಂದದ್ದನ್ನೆಲ್ಲ ಯಮನಪ್ಪ ಹಲಗಿಗೆ ಎತ್ತಿಕೊಂಡ,
ಕೆಮ್ಮಿಗೂ ಒಂದು ಮುಕ್ತಾಯ ಕೊಟ್ಟ.

ಯಾವಾಗ ಆ ಕೈಗಳು ಹೊರಬಂದವೋ ನಾನು ನೋಡಲಿಲ್ಲ.
ನೋಡಿದಾಗ ಬಲಗೈ ದಪ್ಪ ಪೆಟ್ಟು ಹಾಕುತ್ತಿತ್ತು,
ಎಡಗೈ ಬೆರಳು ಬಾಗಿ, ಇಲ್ಲದ ಸಣ್ಣ ಕಡ್ಡಿ ಹಿಡಿದು,
ನಡುನಡುವೆ ಚಿಟಚಿಟ ತುಂಬುತ್ತಿತ್ತು.
ಹೋಳಿಯಲ್ಲಿ ಕಲಿತ ಕೈಗೆ ಬರುವಂಥದಲ್ಲ ಅದು.

ಶಭಾಶ್ ಎನ್ನಲು ಬಾಯಿ ತೆರೆದೆ.
ಯಮನಪ್ಪ ನನ್ನತ್ತ ನೋಡಿದ, ಅಷ್ಟೇ.
ಬಾಯಿ ಮುಚ್ಚಿದೆ.
ಹೆಸರು ಕೇಳಲಿಲ್ಲ. ಅಡ್ಡಹೆಸರು ಕೇಳಲೇ ಇಲ್ಲ.

“ತಣ್ಣಗಾತು ಇದು,” ಎಂದು ಯಮನಪ್ಪ ಹಲಗಿಯನ್ನು ಮೇಜಿನ ಮೇಲಿಟ್ಟ.
“ನಾಕ ಮಂದಿ ಹೋಗಿ ಕಾಸ್ಕೊಂಡ ಬರ್ರಿ.
ಸುಟ್ಟಗಿಟ್ಟೀರಿ ಮತ್ತ.”
ನಾಲ್ಕು ಅಂದರೆ ಒಂಬತ್ತು ಮಕ್ಕಳು ಓಡಿದವು.
ಕಿಟಕಿಯಾಚೆ ಹೊಗೆ, ಜಗಳ, ಸೀನು.
“ಆತು, ಆತು” ಎನ್ನುವ ವಕೀಲರ ಮೊಮ್ಮಗ.
ಅವನ ಕೈಯಿಂದ ಹಲಗಿ ಇಸಕೊಂಡು, ಕಿವಿಗೆ ಹಿಡಿದು, ಮೀಟಿ,
“ಇನ್ನೂ ಇಲ್ಲ” ಎಂದಿತು ಒಂದು ದನಿ.

ರಾಜಾಬಿ ದಾರ ಕಚ್ಚಿ ಹರಿದರು.
ಚಾರ್ಟಿನ ಒಂದು ಮೂಲೆ ಗೋಡೆ ಬಿಟ್ಟಿತ್ತು.
ಅಷ್ಟರಲ್ಲಿ ಸರಳುಗಳ ನಡುವೆ ಆ ಹುಡುಗನ ಮುಖ,
ಮೂಗಿನ ತುದಿಗೆ ಬೂದಿ:
“ಅಕ್ಕೋರ, ಕಣಕಿ ತೀರ್ಯಾವ. ಕಾಗದ ಅದಾವೇನ್ರಿ?”

ಚೀಲದೊಳಗೆ ಕೈ ಹಾಕಿದೆ.